ಹಸಿರು ಟಿನ್ನಿನ ಎಣ್ಣೆ

ದೇವೀರಮ್ಮನ ಮನೆಯಲ್ಲಿ ಅಕ್ಕಿ ತೊಳೆದ ನೀರು ಕೂಡ ಸುಮ್ಮನೆ ಬಚ್ಚಲಿಗೆ ಹೋಗುತ್ತಿರಲಿಲ್ಲ. ಅದು ಹಿತ್ತಿಲ ಬದನೆ ಗಿಡಕ್ಕೆ. ಅನ್ನ ಬಸಿದ ಗಂಜಿ ಗಂಡನ ಖಾಕಿ ಅಂಗಿಗೆ. ಬೇಳೆ ಅರೆಬೆಂದ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಒಣಹುಲ್ಲು ತುಂಬಿದ ಕುಕ್ಕೆಯಲ್ಲಿಟ್ಟು, ಮೇಲೆ ಹಳೆಯ ಕಂಬಳಿ ಹೊದಿಸಿಬಿಡುತ್ತಿದ್ದಳು. ಮಿಕ್ಕಿದ್ದು ತಾನಾಗಿ ಬೇಯುತ್ತಿತ್ತು, ಸೌದೆ ಉಳಿಯುತ್ತಿತ್ತು. ಅದು ಎಪ್ಪತ್ನಾಲ್ಕನೇ ಇಸವಿ. ಸೀಮೆಎಣ್ಣೆಗೂ ಸಾಲು, ಸಕ್ಕರೆಗೂ ಸಾಲು. ಅವಳ ಗಂಡ ಪುಟ್ಟಮಾದಯ್ಯ ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದ. ಅವನ ಸಂಬಳದಲ್ಲಿ ಮನೆ ನಡೆಸುವುದರ ಜೊತೆಗೆ ಮಗಳು ಮುದ್ದಮ್ಮನನ್ನು ಓದಿಸಬೇಕೆಂಬ ಹಟ ದೇವೀರಮ್ಮನದು.

ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಅದೇ ಕಚೇರಿಯ ಗುಮಾಸ್ತ ಕಸ್ತೂರಿರಂಗ ಅವರ ಸಂಸಾರವಿತ್ತು. ಎರಡು ಮನೆಗೂ ಹಿತ್ತಿಲಲ್ಲಿ ಒಂದೇ ನಲ್ಲಿ. ಅವರ ಹೆಂಡತಿ ಗೋದಮ್ಮ ನಲ್ಲಿಯ ಹತ್ತಿರ ನಿಂತು ದೇವೀರಮ್ಮನಿಂದ ಹುಲ್ಲಿನ ಕುಕ್ಕೆಯ ಉಪಾಯವನ್ನೂ ಕಲಿತಿದ್ದರು, ಅಂಟುವಾಳದಲ್ಲಿ ರೇಷ್ಮೆ ಸೀರೆ ಒಗೆಯುವುದನ್ನೂ ಕಲಿತಿದ್ದರು. ಆದರೆ ದೇವೀರಮ್ಮ ಏನಾದರೂ ಮಾಡಿ ಕೊಟ್ಟರೆ, "ಇವತ್ತು ಒಪ್ಪೊತ್ತು ಕಣೇ" ಎಂದು ನಕ್ಕು ಹಿಂದಕ್ಕೆ ಕಳಿಸುತ್ತಿದ್ದರು. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ದೇವೀರಮ್ಮ ಕೊಡುವುದನ್ನೇ ನಿಲ್ಲಿಸಿದ್ದಳು.

ಆ ವರ್ಷ ಕಡಲೆಕಾಯಿ ಕಿತ್ತ ಕಾಲಕ್ಕೆ ಗಾಣದಿಂದಲೇ ಎಣ್ಣೆ ತಂದಿಟ್ಟುಕೊಂಡರೆ ಅಂಗಡಿಯ ಹಂಗು ತಪ್ಪುತ್ತದೆ ಅಂದುಕೊಂಡಳು. ತುಂಬಿಡಲು ದೊಡ್ಡ ಡಬ್ಬ ಬೇಕಿತ್ತು. ಪೇಟೆಬೀದಿಯ ಹಳೇ ಕಬ್ಬಿಣದ ಅಂಗಡಿಯಲ್ಲಿ ಹಸಿರು ಬಣ್ಣ ಬಳಿದ, ಬಿಗಿ ಮುಚ್ಚಳದ ಒಂದು ಟಿನ್ನು ಅಗ್ಗವಾಗಿ ಸಿಕ್ಕಿತು. ಮೂಸಿ ನೋಡಿದಾಗ ಒಳಗೆ ಬೆಳ್ಳುಳ್ಳಿಯ ವಾಸನೆ.

"ಯಾರೋ ಉಪ್ಪಿನಕಾಯಿ ಆಕಿದ್ರು ಕಣಮ್ಮ, ತೊಳುದ್ರೆ ಓಯ್ತದೆ" ಎಂದ ಅಂಗಡಿಯವನು.

ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಬಿಸಿಲಿಗೆ ಬೋರಲು ಹಾಕಿದಳು. ಒಂದಿಷ್ಟು ವಾಸನೆ ಉಳಿಯಿತು. ಉಪ್ಪಿನಕಾಯಿಯ ವಾಸನೆ ತಾನೆ ಎಂದು ಎಣ್ಣೆ ತುಂಬಿದಳು.

ಅವಳ ತಂಗಿ ಮಲ್ಲಿಗಮ್ಮ ಬಾಣಂತನಕ್ಕೆಂದು ಮದ್ದೂರಿನ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಚಕ್ಕುಲಿ ಎಂದರೆ ಪ್ರಾಣ. ಪುಟ್ಟಮಾದಯ್ಯ ಕಚೇರಿಯ ಟಪಾಲು ತೆಗೆದುಕೊಂಡು ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವುದಿದೆ ಎಂದಾಗ ದೇವೀರಮ್ಮ ಮುಂಜಾನೆಯೇ ಎದ್ದು ಹೊಸ ಎಣ್ಣೆಯಲ್ಲಿ ಚಕ್ಕುಲಿ ಕರಿದಳು. ತಂಗಿಗೊಂದು ಗಂಟು, ಗಂಡನ ಬುತ್ತಿಗೊಂದು ಗಂಟು. ಮುರಿದ ಚೂರುಗಳನ್ನು ಮುದ್ದಮ್ಮ ಲಂಗದ ಮಡಿಲಿಗೆ ಹಾಕಿಕೊಂಡು ಹಿತ್ತಿಲಿಗೆ ಓಡಿದಳು. ಗಂಡ ಬಸ್ಸಿಗೆ ಹೋದ, ಮಗಳು ಸ್ಕೂಲಿಗೆ ಹೋದಳು. ತನಗೆಂದು ದೇವೀರಮ್ಮ ಒಂದನ್ನೂ ಉಳಿಸಿಕೊಂಡಿರಲಿಲ್ಲ.

ಬಿಸಿಲು ಏರಿದ ಮೇಲೆ ದೇವೀರಮ್ಮ ಟಿನ್ನಿನ ಹೊರಮೈ ಒರೆಸಲು ಕುಳಿತಳು. ಎಣ್ಣೆ ಸುರಿದ ಕಡೆ ಹಸಿರು ಬಣ್ಣ ಉಬ್ಬಿ ಸಿಪ್ಪೆ ಎದ್ದಿತ್ತು. ತೆಂಗಿನ ನಾರಿನಿಂದ ಉಜ್ಜಿದಳು. ಬಣ್ಣದ ಕೆಳಗೆ ಕೆಂಪು ಕಾಣಿಸಿತು. ಇನ್ನಷ್ಟು ಉಜ್ಜಿದಳು. ಮೊದಲು ಹಲ್ಲು ಕಂಡವು. ಆಮೇಲೆ ಕಣ್ಣಿನ ಗುಳಿಗಳು, ಕೆಳಗೆ ಕತ್ತರಿಯ ಹಾಗೆ ಇಟ್ಟ ಎರಡು ಮೂಳೆ.

ಅವಳ ಕೈ ನಿಂತುಹೋಯಿತು. ಚಿಕ್ಕವಳಿದ್ದಾಗ ಅವಳು ಅವ್ವನ ಜೊತೆ ಸರ್ಕಾರದ ಬೇಸಾಯ ಕೇಂದ್ರವಾದ ವಿ.ಸಿ. ಫಾರಂನಲ್ಲಿ ನಾಟಿಗೆ ಹೋಗುತ್ತಿದ್ದಳು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳ ಮೇಲೆ ಇದೇ ಬುರುಡೆ ಇರುತ್ತಿತ್ತು. ಖಾಲಿಯಾದ ಡಬ್ಬವನ್ನು ಅಲ್ಲಿ ತೂತು ಮಾಡಿ ಹೂಳುತ್ತಿದ್ದರು, ಮಕ್ಕಳನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಟಿನ್ನನ್ನು ಎತ್ತಿಕೊಂಡು ಪಕ್ಕದ ಮನೆಯ ಹಿಂಬಾಗಿಲಿಗೆ ಓಡಿದಳು.

"ಅಮ್ಮಾರೇ! ಗೋದಮ್ಮಾರೇ! ಇದ್ರಲ್ಲಿ ಏನ್ ಬರದದೆ ನೋಡ್ರೀ!"

ಗೋದಮ್ಮ ಬಾಗಿಲಿಗೆ ಬಂದರು. ಮುಖ ಬೆವೆತಿತ್ತು, ಒಂದು ಕೈ ಹೊಟ್ಟೆಯ ಮೇಲಿತ್ತು. ಬಗ್ಗಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಓದುತ್ತಾ ಓದುತ್ತಾ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ವಿಷ ಅಂತಿದೆ ದೇವೀರಮ್ಮ. ಹುಳಕ್ಕೆ ಹೊಡೆಯೋ ವಿಷ. ಇದರಲ್ಲಿ ಏನು ಹಾಕಿದ್ದೆ?"

"ಎಣ್ಣೆ ಆಕಿದ್ದೆ. ಚಕ್ಕುಲಿ ಮಾಡ್ಬುಟ್ಟೆ. ಮಲ್ಲಿಗಿಗೆ ಕಳಿಸ್ಬುಟ್ಟೆ. ನಮ್ಮವ್ರು ತಗೊಂಡೋಗವ್ರೆ. ಮಗಾನೂ ತಿಂದದೆ. ಅಯ್ಯೋ, ನಾನೇ ಕೈಯಾರ..."

ಗೋದಮ್ಮನ ಮುಖದ ಬಣ್ಣ ಇಳಿದುಹೋಗಿದ್ದನ್ನು ದೇವೀರಮ್ಮ ಆಗ ನೋಡಿದಳು.

"ನಾನೂ ತಿಂದೆ" ಎಂದರು ಗೋದಮ್ಮ ಮೆಲ್ಲಗೆ. "ಮುದ್ದಮ್ಮ ನಲ್ಲಿ ಹತ್ತಿರ ನಿಂತ್ಕೊಂಡು ಒಂದು ಚೂರು ಬಾಯಿಗೆ ಹಾಕ್ಕೊಂಡಿದ್ಲು. ಅತ್ತೆ ಪೂಜೆಗೆ ಕೂತಿದ್ರು. ವಾಸನೆ ಮೂಗಿಗೆ ಬಡೀತು, ಕೇಳಿ ಇಸ್ಕೊಂಡೆ. ಮಗು ಉಳಿದಿದ್ದನ್ನೆಲ್ಲಾ ನನ್ನ ಕೈಗೇ ಹಾಕಿಬಿಡ್ತು. ಆಗಿನಿಂದ ಹೊಟ್ಟೆ ಹಿಂಡ್ತಾ ಇದೆ. ಯಾವುದಕ್ಕೆ ಅಂತ ತಿಳೀದೆ ಒದ್ದಾಡ್ತಿದ್ದೆ."

ಆಮೇಲೆ ಗೋದಮ್ಮನೇ ಸೆರಗು ಸಿಕ್ಕಿಸಿಕೊಂಡರು.

"ನೀನು ಮದ್ದೂರಿನ ಬಸ್ಸು ಹತ್ತು. ನಾನು ಸ್ಕೂಲಿಗೆ ಹೋಗಿ ಮುದ್ದಮ್ಮನ್ನ ಕರ್ಕೊಂಡು ಆಸ್ಪತ್ರೆಗೆ ಹೋಗ್ತೀನಿ. ನಾನೂ ಹೋಗ್ಲೇಬೇಕಲ್ಲ."

"ನಿಮ್ಗೇ ದಾರೀಲಿ ಏನಾರ ಆದ್ರೆ? ಮಗೀನ್ ಗತಿ ಏನು?"

"ಏನೂ ಆಗಲ್ಲ. ಬಸುರಿ ಹೆಂಗಸು ಅಲ್ಲಿ ತಿಂತಾ ಕೂತಿರ್ತಾಳೆ. ಓಡು, ನಿಲ್ಲಬೇಡ!"

ಮಗಳ ಕಡೆ ಓಡಬೇಕೋ ತಂಗಿಯ ಕಡೆ ಓಡಬೇಕೋ ತಿಳಿಯದೆ ದೇವೀರಮ್ಮ ಹಿತ್ತಿಲಲ್ಲಿ ಒಂದು ಸುತ್ತು ಸುತ್ತಿದಳು. ಕೊನೆಗೆ ಟಿನ್ನಿನ ಎಣ್ಣೆಯನ್ನು ಗುಂಡಿಗೆ ಸುರಿದು ಮಣ್ಣೆಳೆದಳು. ಟಿನ್ನನ್ನು ಚೀಲಕ್ಕೆ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ಬಸ್ಸು ಕಬ್ಬಿನ ಗಾಡಿಗಳ ಹಿಂದೆ ತೆವಳಿತು. ಪ್ರತಿ ನಿಲ್ದಾಣದಲ್ಲೂ ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಯಾಕವ್ವಾ, ಇಂಗ್ ನಡುಗ್ತಿದ್ದೀಯೆ? ಜ್ವರವಾ?" ಎಂದು ಕೇಳಿದಾಗ ಅವಳು ಚೀಲವನ್ನು ಮಡಿಲಿಗೆ ಒತ್ತಿ ಹಿಡಿದಳು. ಕಣ್ಣು ಮುಚ್ಚಿದರೆ ಮಲ್ಲಿಗಮ್ಮ ಚಕ್ಕುಲಿ ಮುರಿಯುವುದು ಕಾಣುತ್ತಿತ್ತು. ಕಣ್ಣು ಬಿಟ್ಟರೆ ಎದುರಿನಿಂದ ಬರುವ ಬಸ್ಸಿನಲ್ಲಿ ಗಂಡನ ಹೆಣ ಬರುತ್ತಿದೆಯೇನೋ ಅನ್ನಿಸುತ್ತಿತ್ತು.

ಮದ್ದೂರಿನ ಮನೆಯ ಜಗಲಿಯಲ್ಲಿ ಅವ್ವ ಹೊಂಬಾಳಮ್ಮ ರಾಗಿ ಕೇರುತ್ತಿದ್ದಳು.

"ಯಾಕ್ ಮಗಾ, ಇಂಗೆ ಎದೆ ಬಡ್ಕೊಂಡು ಓಡ್ ಬತ್ತಿದ್ದೀಯೆ?"

"ಮಲ್ಲಿಗಿ ಚಕ್ಕುಲಿ ತಿಂದ್ಲಾ?"

"ಊಂ ಕಣವ್ವ, ಆಸೆಪಟ್ಟು ತಿಂದ್ಲು. ಆಮೇಲೆ ವಾಂತಿ ಮಾಡ್ಕಂಡು ಮನಗವ್ಳೆ. ಬಸುರಿ ಅಲ್ವಾ, ಅದೇನ್ ದೊಡ್ದು?"

ದೇವೀರಮ್ಮ ಒಳಗೆ ನುಗ್ಗಿದಳು. ಮಲ್ಲಿಗಮ್ಮ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ರವಿಕೆ ಬೆವರಿನಲ್ಲಿ ತೊಯ್ದಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ.

"ಅಕ್ಕಾ, ಕಣ್ಣು ಮಂಜಾಯ್ತದೆ ಕಣಕ್ಕ" ಎಂದಳು.

ತಮ್ಮ ಚಿಕ್ಕಬೋರಯ್ಯ ಜಟಕಾ ಓಡಿಸುತ್ತಿದ್ದವನು, ಊಟಕ್ಕೆಂದು ಮನೆಗೆ ಬಂದಿದ್ದ. ತಟ್ಟೆ ಬಿಟ್ಟೆದ್ದ. ಎಲ್ಲರೂ ಸೇರಿ ಮಲ್ಲಿಗಮ್ಮನನ್ನು ಎತ್ತಿ ಗಾಡಿಗೆ ಹಾಕಿದರು. ದಾರಿಯುದ್ದಕ್ಕೂ ದೇವೀರಮ್ಮ ತಂಗಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಒಳಗಿನ ಕೂಸು ಅಲುಗಾಡಿದಂತೆ ಒಮ್ಮೆ ಅನ್ನಿಸಿತು. ಅದು ಕೂಸೋ, ಗಾಡಿಯ ಕುಲುಕೋ ತಿಳಿಯಲಿಲ್ಲ.

ಆಸ್ಪತ್ರೆಯ ಡಾಕ್ಟರು ಮಲ್ಲಿಗಮ್ಮನ ರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿದರು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ದೇವೀರಮ್ಮ ಚೀಲದಿಂದ ಟಿನ್ನು ತೆಗೆದು ಮುಂದಿಟ್ಟಳು. ಡಾಕ್ಟರು ಅದನ್ನು ಓದಿ, ಕೂಗಿ ನರ್ಸನ್ನು ಕರೆದರು. ಇಂಜೆಕ್ಷನ್ ಚುಚ್ಚಿದರು, ಸ್ವಲ್ಪ ಹೊತ್ತು ನೋಡಿ ಮತ್ತೆ ಚುಚ್ಚಿದರು, ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆ ತೊಳೆದರು.

"ಇನ್ನೂ ಯಾರಾರು ತಿಂದಿದ್ದಾರೆ?" ಎಂದು ಡಾಕ್ಟರು ಕೇಳಿದರು.

"ಮಂಡ್ಯದಲ್ಲಿ ನನ್ ಮಗಳು, ಪಕ್ಕದ್ಮನೆ ಅಮ್ಮಾರು. ನನ್ ಗಂಡ ಮಳವಳ್ಳೀಲಿ ಅವ್ರೆ ಸಾಮಿ."

ಮಳವಳ್ಳಿಗೆ ಟ್ರಂಕ್ ಕಾಲ್ ಹಾಕಿದರು. ಲೈನು ಸಿಗಲಿಲ್ಲ. ಚಿಕ್ಕಬೋರಯ್ಯ, "ನಾನ್ ಓಯ್ತೀನಿ, ನೀನ್ ಇಲ್ಲೇ ಇರಕ್ಕ" ಎಂದವನೇ ಹೊರಟಿದ್ದ ಬಸ್ಸಿನ ಹಿಂದೆ ಓಡಿದ.

ದೇವೀರಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಳು. ಹೊಂಬಾಳಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿರಿಯ ಮಗಳ ಕಡೆ ನೋಡದೆ ಕಿರಿಯವಳ ಪಾದ ಉಜ್ಜುತ್ತಾ ಕುಳಿತಳು. ಎಲ್ಲಿಯಾದರೂ ಚಪ್ಪಲಿಯ ಸದ್ದಾದರೆ ಸಾಕು, ದೇವೀರಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದಳು. ಮಂಡ್ಯದ ಸುದ್ದಿಯೋ, ಮಳವಳ್ಳಿಯದೋ? ಯಾವುದು ಮೊದಲು ಬಂದರೂ ಅವಳಿಗೆ ಕೇಳುವ ಧೈರ್ಯವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಚಿಕ್ಕಬೋರಯ್ಯ ಕಾಣಿಸಿದ. ಅವನ ಹಿಂದೆ, ಟಪಾಲಿನ ಚೀಲ ಹೆಗಲಿಗೆ ಹಾಕಿಕೊಂಡು, ಪುಟ್ಟಮಾದಯ್ಯ ನಡೆದುಕೊಂಡೇ ಬರುತ್ತಿದ್ದ.

"ನನ್ ಜೀವ ತಗ್ದುಬುಟ್ರು ಕಣಕ್ಕ ನಿನ್ ಗಂಡ" ಎಂದ ಚಿಕ್ಕಬೋರಯ್ಯ. "ಕಚೇರಿ ಜಗಲಿ ಮ್ಯಾಲೆ ಬಿದ್ದವ್ರೆ. ಗಂಟು ತಲೆದಸೀಲದೆ. ಕೂಗುದ್ರೆ ಏಳಲ್ಲ, ಅಲ್ಲಾಡುಸುದ್ರೆ ಏಳಲ್ಲ. ಓಗೇಬುಟ್ರು ಅಂತ ನಾನು ಬೋ ಅಂತ ಅತ್ತೆ. ನೋಡುದ್ರೆ ನಿದ್ದೆ!"

"ತಿನ್ನಲಿಲ್ವಾ ನೀವು?" ಎಂದಳು ದೇವೀರಮ್ಮ.

"ಮುದ್ದೆ ಉಂಡೆ. ಚಕ್ಕುಲೀಯ ಮಗೀಗೆ ಅಂತ ಮಡಗ್ದೆ. ಮುರಿದ ಚೂರೇ ತಾನೇ ನೀನ್ ಅದುಕ್ ಕೊಡೋದು" ಎಂದ ಪುಟ್ಟಮಾದಯ್ಯ.

ದೇವೀರಮ್ಮ ಆಗ ಅತ್ತಳು. ಆದರೆ ಆ ಅಳು ಹೆಚ್ಚು ಹೊತ್ತು ಇರಲಿಲ್ಲ. ಮಗಳು ಇನ್ನೂ ಮಂಡ್ಯದಲ್ಲಿದ್ದಳು.

ಮಲ್ಲಿಗಮ್ಮನ ಉಸಿರು ಹದಕ್ಕೆ ಬಂದಿದೆ, ಕೂಸಿನ ವಿಷಯ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅವ್ವನನ್ನು ಅಲ್ಲೇ ಬಿಟ್ಟು ಗಂಡ ಹೆಂಡತಿ ಮಂಡ್ಯಕ್ಕೆ ಬಂದರು. ಆಸ್ಪತ್ರೆಯ ವರಾಂಡದಲ್ಲಿ ಮುದ್ದಮ್ಮ ಒಂದು ಬ್ರೆಡ್ಡಿನ ತುಂಡು ಹಿಡಿದುಕೊಂಡು ಕುಳಿತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಒಳಗೆ ಗೋದಮ್ಮ ಮಲಗಿದ್ದರು. ಮಗುವಿನ ಪಾಲನ್ನೆಲ್ಲ ತಿಂದ ಅವರಿಗೇ ವಿಷ ಹೆಚ್ಚು ಏರಿತ್ತು.

ಮಂಚದ ಪಕ್ಕದಲ್ಲಿ ಕಸ್ತೂರಿರಂಗ ನಿಂತಿದ್ದರು. ದೇವೀರಮ್ಮ ಬಾಗಿಲಲ್ಲೇ ನಿಂತಳು. ಗಂಡನ ನೌಕರಿ ಈ ಮನುಷ್ಯನ ಒಂದು ಮಾತಿನಲ್ಲಿ ಹೋಗಬಹುದು, ಪೊಲೀಸರೂ ಬರಬಹುದು. ಗೋದಮ್ಮ ಕಣ್ಣು ತೆರೆದು ಅವಳನ್ನು ಕಂಡರು.

"ನಾನೇ ಕೇಳಿ ತಿಂದೆ ಅಂತ ಇವರಿಗೂ ಹೇಳಿದೀನಿ, ಅತ್ತೆಗೂ ಹೇಳಿದೀನಿ" ಎಂದರು. ಮಾತು ತೊದಲುತ್ತಿತ್ತು. "ನಿನ್ನ ತಂಗಿ ಹೇಗಿದ್ದಾಳೆ?"

"ಉಸ್ರಾಡ್ತಾವ್ಳೆ ಅಮ್ಮಾರೆ."

ಕಸ್ತೂರಿರಂಗ ಅವಳ ಕಡೆ ತಿರುಗಿ ಕೇಳಿದರು: "ಅಂಗಡೀಲಿ ಇಂಥ ಟಿನ್ನು ಇನ್ನೂ ಇದ್ವಾ?"

ಆ ಪ್ರಶ್ನೆ ದೇವೀರಮ್ಮನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಇದ್ದವು. ಹಸಿರು ಟಿನ್ನುಗಳು ಒಂದರ ಮೇಲೊಂದು ಪೇರಿಸಿದ್ದವು.

ಮರುದಿನ ಅಂಗಡಿ ತೆಗೆಯುವುದಕ್ಕೂ ಮೊದಲೇ ಅವಳು ಬಾಗಿಲಲ್ಲಿ ನಿಂತಿದ್ದಳು. ಕಸ್ತೂರಿರಂಗ ಹೆಲ್ತ್ ಇನ್‌ಸ್ಪೆಕ್ಟರನ್ನು ಕರೆತಂದಿದ್ದರು.

"ತೂಕದ ಲೆಕ್ಕದಾಗೆ ಬತ್ತವೆ, ಬಣ್ಣ ಬಳುದು ಮಾರ್ತೀವಿ, ನಂಗೇನ್ ಗೊತ್ತು?" ಎಂದ ಅಂಗಡಿಯವನು.

ಅವನ ಎದುರಿಗೇ ದೇವೀರಮ್ಮ ಒಂದೊಂದು ಟಿನ್ನನ್ನೂ ನೆಲದ ಮೇಲೆ ಉಜ್ಜಿದಳು. ಒಂದೊಂದರಲ್ಲೂ ಬುರುಡೆ ಎದ್ದು ಬಂತು. ದುದ್ದ ಎಂಬ ಹಳ್ಳಿಯ ಕಡೆಯ ಒಬ್ಬ ಹೆಂಗಸು ಸಂತೆಯ ದಿನ ಒಂದನ್ನು ಕೊಂಡುಹೋಗಿದ್ದಾಳೆ ಎಂದು ಆಮೇಲೆ ಅಂಗಡಿಯವನು ಬಾಯಿಬಿಟ್ಟ. ಹೆಸರು ಗೊತ್ತಿರಲಿಲ್ಲ.

ಪುಟ್ಟಮಾದಯ್ಯನೂ ಅವಳೂ ದುದ್ದಕ್ಕೆ ಹೋಗಿ ತಮಟೆ ಹೊಡೆಸಿದರು. ಬೀದಿ ಬೀದಿಯಲ್ಲಿ ದೇವೀರಮ್ಮ ಟಿನ್ನನ್ನು ತಲೆಯ ಮೇಲೆತ್ತಿ ತೋರಿಸಿದಳು. ಜನ ಹುಚ್ಚಿಯನ್ನು ನೋಡುವಂತೆ ನೋಡಿದರು. ಸೂರ್ಯ ಇಳಿಯುವ ಹೊತ್ತಿಗೆ ಊರಾಚೆಯ ಮನೆಯಿಂದ ಮುದುಕಿಯೊಬ್ಬಳು ಹಸಿರು ಟಿನ್ನನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಮೊಮ್ಮಗಳ ಮದುವೆಗೆ ಬೆಲ್ಲ ತುಂಬಿಟ್ಟಿದ್ದಳಂತೆ, ಇನ್ನೂ ಮುಚ್ಚಳ ತೆಗೆದಿರಲಿಲ್ಲ. ಬೆಲ್ಲವನ್ನು ಹೂಳಬೇಕು ಎಂದಾಗ ಮುದುಕಿ ಜಗಳಕ್ಕೇ ಬಂದಳು. ದೇವೀರಮ್ಮ ಅವಳ ಕಾಲು ಹಿಡಿದುಕೊಂಡು ಕೊಡಿಸಿಕೊಂಡಳು.

ಗೋದಮ್ಮ ಚೇತರಿಸಿಕೊಂಡು ಮನೆಗೆ ಬಂದರು. ಅವರ ಅತ್ತೆ ಪಂಕಜಮ್ಮ ಬಹಳ ದಿನ ದೇವೀರಮ್ಮನೊಡನೆ ಮಾತು ಬಿಟ್ಟಿದ್ದರು. ದೇವೀರಮ್ಮನಿಗೆ ಅದರ ಕಡೆ ಗಮನವೇ ಇರಲಿಲ್ಲ. ಮದ್ದೂರಿನ ಕಡೆಯಿಂದ ಯಾರೇ ಬರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಮೊದಲು ಮಲ್ಲಿಗಮ್ಮನ ಹೊಟ್ಟೆಯ ಕೂಸಿನ ಸುದ್ದಿ ಕೇಳುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಮಲ್ಲಿಗಮ್ಮನಿಗೆ ನೋವು ಬಂತು. ದೇವೀರಮ್ಮ ಮದ್ದೂರಿನ ಆಸ್ಪತ್ರೆಯ ಹೊರಗೆ ಗೋಡೆಗೆ ಮುಖ ಮಾಡಿ ನಿಂತಳು. ಒಳಗೆ ಮಲ್ಲಿಗಮ್ಮನ ಕೂಗು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ. ಎಷ್ಟೋ ಹೊತ್ತಿನ ನಂತರ, ಬೆಕ್ಕಿನ ಮರಿಯದೆನ್ನುವಷ್ಟು ಸಣ್ಣಗೆ, ಒಂದು ಅಳು ಕೇಳಿಸಿತು.

ಹೊಂಬಾಳಮ್ಮ ಹೊರಗೆ ಬಂದಳು. "ಎಣ್ಣು ಕಣೆ. ತೂಕ ಕಮ್ಮಿ ಅಂತಾರೆ. ಬಾ, ನೋಡ್ಬಾ."

"ನೀನೇ ಸರಿಯಾಗ್ ನೋಡ್ದಾ ಅವ್ವ? ಕೈ, ಕಾಲು, ಎಲ್ಲಾನೂವೆ?"

"ನೋಡ್ದೆ ಕಣ್ ಬಾ" ಎಂದು ಹೊಂಬಾಳಮ್ಮ ಮಗಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.