ಅಡುಗೆಯವನ ಗೊಂಬೆ

ನಮ್ಮಲ್ಲಿ ಪುಸ್ತಕ ಒಂದೇ, ಓದುವವರು ನಾಲ್ವರು. ವಯಸ್ಸಿನಲ್ಲಿ ದೊಡ್ಡವರಿಗೆ ಮೊದಲು ಎಂಬುದು ಶಿವಲಿಂಗಮ್ಮ ಮಾಡಿದ ಕಟ್ಟಳೆ. ಹಾಗಾಗಿ ಯಾವಾಗಲೂ ಪುಸ್ತಕ ನನಗೇ ಮೊದಲು, ಖುರ್ಷಿದಾಗೆ ಕೊನೆಗೆ. ಭಾನುವಾರ ಮಧ್ಯಾಹ್ನ ಚನ್ನಪಟ್ಟಣದಲ್ಲಿರುವ ಅವಳ ಗೊಂಬೆ ಕೆಲಸದ ಕೋಣೆಯಲ್ಲಿ ಕೂತು ಅಭಿಪ್ರಾಯ ಹೇಳುತ್ತೇವೆ. ಖುರ್ಷಿದಾ ಎಲ್ಲಿಯವರೆಗೆ ಓದಿದ್ದಾಳೋ ಅಲ್ಲಿಯವರೆಗಿನ ಮಾತು ಮಾತ್ರ, ಅದೂ ಕಟ್ಟಳೆಯೇ.

ಈ ಸಲ ಬಂದದ್ದು ಉತ್ತರ ಧ್ರುವದ ಹಿಮದಲ್ಲಿ ನಡೆಯುವ ಕೊಲೆಯ ಕಾದಂಬರಿ. ಒಂದು ಹವಾಮಾನ ಕೇಂದ್ರ, ಒಳಗೆ ಆರು ಜನ. ಅಲ್ಲಿನ ಯಜಮಾನನನ್ನು ಯಾರೋ ಕೊಲ್ಲುತ್ತಾರೆ.

"ತಿಂಗಳುಗಟ್ಲೆ ಹೊತ್ತೇ ಹುಟ್ಟಲ್ವಂತೆ," ಎಂದಳು ಶಿವಲಿಂಗಮ್ಮ. "ಅಲ್ಲಿ ಹಸ ಕಟ್ಟಿದ್ರೆ ಹಾಲು ಕರಿಯೋದು ಯಾವಾಗಂತೆ?"

"ಹೆಣ ಬಿದ್ದೈತೆ, ನಿಂಗೆ ಹಾಲಿನ ಚಿಂತೆ," ಎಂದು ಲತಾಮಣಿ ನಕ್ಕಳು. ಅವಳದು ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. "ನಮ್ಮ ಎಸಿ ರೂಮಲ್ಲಿ ಒಸಿ ಹೊತ್ತು ನಿಂತ್ರೆ ಕೈಯೇ ಆಡಲ್ಲ. ಆ ಚಳೀಲಿ ಕೊಲೆ ಮಾಡಕ್ಕೆ ಕೈ ಹೆಂಗ್ ಬಂತು ಅಂತೀನಿ!"

ಖುರ್ಷಿದಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಷ್ಟು ದಿನ ಒಂದಷ್ಟು ಪುಟ ಓದಿ ಬಿಟ್ಟು, ಮಿಕ್ಕ ಕಥೆಯನ್ನು ನಮ್ಮ ಬಾಯಲ್ಲಿ ಕೇಳಿಯೇ ತೃಪ್ತಿಪಡುತ್ತಿದ್ದಳು. ಇಡೀ ಪುಸ್ತಕವನ್ನು ತಾನೇ ಓದಲು ಹೊರಟದ್ದು ಇದೇ ಮೊದಲು. ಉಳಿದ ಮರದ ತುಂಡುಗಳಲ್ಲಿ ಆ ಆರು ಜನರನ್ನೂ ಗೊಂಬೆ ಮಾಡಿಟ್ಟಿದ್ದಳು. ಯಾರ ಮೇಲೆ ಅನುಮಾನ ಬರುತ್ತದೋ ಆ ಗೊಂಬೆ ಕಿಟಕಿಯ ಹಲಗೆ ಏರುತ್ತಿತ್ತು. ಒಂದು ವಾರ ರೇಡಿಯೋದವನು, ಇನ್ನೊಂದು ವಾರ ಡಾಕ್ಟರಮ್ಮ.

"ಯಾರೂ ಹೇಳ್ಬೇಡಿ, ನಾನೇ ಹಿಡೀತೀನಿ," ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ಒಂದು ಭಾನುವಾರ, ಅವಳಿನ್ನೂ ಅರ್ಧ ಪುಸ್ತಕದಲ್ಲಿದ್ದಾಗ, ಕರೆಂಟ್ ಹೋಗಿ ಮರ ಕಡೆಯುವ ಲೇತ್ ಮಿಷನ್ ನಿಂತಿತು. ಸುಮ್ಮನೆ ಕೂರುವವಳಲ್ಲ ಅವಳು. ಬೆಳಕಿಗೆ ಸರಿದು ಅಡುಗೆಯವನ ಗೊಂಬೆಗೆ ಹುಬ್ಬು ಬರೆಯತೊಡಗಿದಳು. ಎಷ್ಟು ಸಾಧುವಾದ ಮುಖ! ಅವಳನ್ನು ಮೆಚ್ಚಿಕೊಳ್ಳಬೇಕೆನಿಸಿತು.

"ಇಂಥ ಮುಖದವನು ಆ ಯಜಮಾನನ್ನ ಕೊಂದ ಅಂದ್ರೆ ನನಗೆ ಈಗಲೂ ನಂಬಿಕೆ ಬರಲ್ಲ ಕಣೇ!" ಎಂದುಬಿಟ್ಟೆ.

ಲತಾಮಣಿ ಕೆಮ್ಮಿದಳು. ಖುರ್ಷಿದಾಳ ಕುಂಚ ಒಂದು ಕ್ಷಣ ನಿಂತಿತು. ಆಮೇಲೆ ಹುಬ್ಬನ್ನು ಪೂರ್ತಿ ಮಾಡಿ, ಗೊಂಬೆಯನ್ನು ಒಣಗಲು ಇಟ್ಟು, ಎಲ್ಲರಿಗೂ ಟೀ ತಂದಳು. ಹೊರಡುವ ಹೊತ್ತಿಗೆ ಕರೆಂಟ್ ಬಂದಿತ್ತು. ಬಾಗಿಲವರೆಗೂ ನನ್ನ ಕೈ ಹಿಡಿದು ಬಂದಳು.

"ಆಗ ಏನೋ ಅಂದ್ರಲ್ಲ ಅಮ್ಮ, ಈ ಮಿಷನ್ ಸದ್ದಲ್ಲಿ ಒಂದೂ ಕೇಳಿಸ್ಲಿಲ್ಲ."

ಮಿಷನ್ ಆಗ ಸದ್ದು ಮಾಡುತ್ತಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತು. ಕ್ಷಮೆ ಕೇಳಿದರೆ ಅವಳ ಸುಳ್ಳನ್ನು ಹೊರಗೆಳೆದಂತಾಗುತ್ತಿತ್ತು. ಕೇಳದೆ ಮನೆಗೆ ಬಂದೆ.

ಆ ವಾರವೆಲ್ಲ ಸಾರಿಗೆ ಒಗ್ಗರಣೆ ಹಾಕುವಾಗಲೂ ಆ ಅಡುಗೆಯವನೇ ಎದುರು ನಿಲ್ಲುತ್ತಿದ್ದ. ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟಿರುತ್ತಾಳೆ, ಇನ್ನು ಯಾವ ಪುಸ್ತಕವನ್ನೂ ಮುಟ್ಟುವುದಿಲ್ಲ ಎಂದು ಹೆದರಿದ್ದೆ. ಮುಂದಿನ ಭಾನುವಾರ ಹೋಗಲು ಕಾಲೇ ಬರಲಿಲ್ಲ. ಹೇಗೋ ಹೋದರೆ, ನನ್ನ ಕುರ್ಚಿಯ ಮೇಲೆ ಎಂದಿನಂತೆ ಮೆತ್ತೆ ಹಾಕಿಟ್ಟಿದ್ದಳು.

"ಮುಗೀತು ಅಮ್ಮ! ಅಯ್ಯೋ, ಅಡುಗೆಯವನಾ!" ಎಂದು ಕೆನ್ನೆಯ ಮೇಲೆ ಕೈಯಿಟ್ಟಳು. "ನಾನು ಡಾಕ್ಟರಮ್ಮನೇ ಅಂತ ಕೂತಿದ್ದೆ."

ಕಿಟಕಿಯ ಹಲಗೆಯ ಮೇಲೆ ನಿಜಕ್ಕೂ ಡಾಕ್ಟರಮ್ಮನೇ ನಿಂತಿದ್ದಳು. ನನಗಾಗಿಯೇ ನಿಲ್ಲಿಸಿದ್ದು.

"ಪೊಲೀಸ್ ಕೆಲ್ಸಕ್ಕೆ ನೀನು ಲಾಯಕ್ಕಿಲ್ಲ ಬುಡು," ಎಂದಳು ಶಿವಲಿಂಗಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಲತಾಮಣಿ ಹೊಸ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. ಅದೂ ಕೊಲೆಯದೇ. ನಾನು ಅದನ್ನು ಖುರ್ಷಿದಾಳ ಮಡಿಲಿಗಿಟ್ಟೆ.

"ಇನ್ನು ಮೇಲೆ ನಿನಗೆ ಮೊದಲು."

"ಮತ್ತೆ ನಾ ಮಾಡಿದ ಕಟ್ಟಳೆ?" ಎಂದು ಶಿವಲಿಂಗಮ್ಮ ಕಣ್ಣರಳಿಸಿದಳು.

"ಒಂದು ಕಟ್ಟಳೆಯನ್ನ ನಾನು ಹೋದ ವಾರವೇ ಮುರಿದಾಯ್ತು, ಇದೂ ಹೋಗ್ಲಿ," ಎಂದೆ. ಆಮೇಲೆ ಖುರ್ಷಿದಾಗೆ, "ಮುಗಿಸಿದ ಮೇಲೆ, ಕೊಂದವರು ಯಾರು ಅಂತ ನಾನು ಓದೋಕೆ ಮುಂಚೆಯೇ ಹೇಳಿಬಿಡು," ಎಂದು ಕೇಳಿಕೊಂಡೆ.

ಅವಳು ನನ್ನನ್ನೇ ನೋಡಿದಳು. ನಗು ತಡೆದುಕೊಂಡು, ಸೆರಗಿನಿಂದ ಪುಸ್ತಕದ ರಟ್ಟು ಒರೆಸಿದಳು.

"ಹೇಳ್ತೀನಿ ಬುಡಿ ಅಮ್ಮ. ಕರೆಂಟ್ ಹೋದಾಗ."