ಪೊರೆಯ ಮೇಲಿನ ನಲವತ್ತೇಳು

ನನ್ನ ಗಂಡ ವಿರೋಟ್, ನಮ್ಮಲ್ಲಿನ ರೂಢಿಯಂತೆ, ಹದಿನೈದು ದಿನಕ್ಕೆಂದು ಬೌದ್ಧ ಸನ್ಯಾಸಿಯಾದ. ತೀರಿಕೊಂಡ ತಾಯಿಗೆ ಪುಣ್ಯ ಸೇರಲಿ ಎಂದು. ರೈಲಿನಲ್ಲಿ ಮೂವತ್ತು ವರ್ಷ ಗಾರ್ಡ್ ಆಗಿದ್ದವನು, ನಿವೃತ್ತಿಯಾದ ಮೇಲೆ ಮನುಷ್ಯರ ಜೊತೆ ಮಾತು ನಿಲ್ಲಿಸಿ ಹಾವಿನ ಜೊತೆ ಶುರು ಮಾಡಿದ್ದ. ತಲೆಯನ್ನೂ ಹುಬ್ಬನ್ನೂ ನಾನೇ ಬೋಳಿಸಿದೆ, ಕಸುಬು ನನ್ನದೇ ಅಲ್ಲವೇ. ಎಲ್ಲ ಮೋಹ ಬಿಡುತ್ತೇನೆಂದು ಹೊರಟವನು ಬಾಗಿಲಲ್ಲಿ ಮೂರು ಸಲ ತಿರುಗಿ ನೋಡಿದ. ನನ್ನನ್ನಲ್ಲ.

"ತೆಂಗ್‌ಮೋ ಪೊರೆ ಬಿಡೋ ಹೊತ್ತಾಯ್ತು ಕಣೇ. ಕಣ್ಣು ಹಾಲಿನ ಹಾಗೆ ಬೆಳ್ಳಗಾಗಿದೆ ನೋಡು. ನೀರಿನ ಬಟ್ಟಲು ತುಂಬಿಡು, ಪೆಟ್ಟಿಗೇಲಿ ಒದ್ದೆ ಬಟ್ಟೆ ಇಡು. ಹೋದ ಸಲದ ಪೊರೆ ಬಾಲದಲ್ಲಿ ಒಂದು ಸುತ್ತು ಉಳ್ಕೊಂಡಿದೆ, ಅದನ್ನ ಮಾತ್ರ ಮರೀಬೇಡ."

"ನಿನ್ನನ್ನೇ ಸಾಕಿದೀನಿ, ಹಾವು ಸಾಕೋಕೆ ಬರಲ್ವಾ? ಹೋಗು," ಅಂದೆ.

ತೆಂಗ್‌ಮೋ ಹೆಬ್ಬಾವಿನ ಜಾತಿಯದು, ಆದರೆ ನನ್ನ ತೋಳಿಗಿಂತ ತುಸು ಉದ್ದ, ಅಷ್ಟೇ. ಹೆದರಿದರೆ ಕಚ್ಚುವುದಿಲ್ಲ, ಉಂಡೆಯಾಗಿ ಸುತ್ತಿ ತಲೆಯನ್ನು ಒಳಗೆ ಹುದುಗಿಸಿಕೊಳ್ಳುತ್ತದೆ. ಅದರ ಗಾಜಿನ ಪೆಟ್ಟಿಗೆ ನನ್ನ ಕ್ಷೌರದಂಗಡಿಯ ಮೂಲೆಯಲ್ಲಿತ್ತು. ಹೊಸ ವರ್ಷಕ್ಕೆ ಅದೇ ಮೂಲೆಯ ಮೇಲ್ಗಡೆ ನಾನು ಏಸಿ ಹಾಕಿಸಿದ್ದೆ. ತಣ್ಣಗಿನ ಒಣ ಗಾಳಿ ಗಿರಾಕಿಗಳಿಗೆ ಸ್ವರ್ಗ. ಹಾವಿಗೆ ಏನು ಅಂತ ಯಾರು ಕೇಳುತ್ತಾರೆ!

ಐದನೇ ತಾರೀಕು ನೋಡಿದರೆ, ಕಾಲುಚೀಲದ ಹಾಗೆ ಇಡಿಯಾಗಿ ಬರಬೇಕಿದ್ದ ಪೊರೆ ಹರಿದು ಚಿಂದಿಯಾಗಿ ಮೈಗೇ ಅಂಟಿಕೊಂಡಿದೆ. ಬಾಲದ ತುದಿಗೆ ಈಗ ಮೂರು ಸುತ್ತು ಬಿಗಿದಿದೆ. ಮರುದಿನ ಬೆಳಿಗ್ಗೆಯೇ ಪಶುವೈದ್ಯೆ ಪಿಮ್ ಹತ್ತಿರ ಓಡಿದೆ. ನಾನೇನು ಹಾವಿನ ವೈರಿಯಲ್ಲ.

"ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ಬಿಡಿ," ಅಂದಳು ಪಿಮ್. "ಆಮೇಲೆ ಒದ್ದೆ ಟವೆಲ್ ಒಳಗೆ ಹರಿದಾಡಲಿ, ತಾನೇ ಬಿಡುತ್ತೆ. ಕಿತ್ತು ಎಳೀಬೇಡಿ. ಬಾಲದ್ದು ಮಾತ್ರ ತಡ ಮಾಡಬೇಡಿ ಅಮ್ಮಾ. ರಕ್ತ ಹೋಗದೆ ತುದಿ ಸತ್ತುಹೋಗುತ್ತೆ."

ಮನೆಗೆ ಬಂದು ಬೋಗುಣಿಗೆ ನೀರು ಹಾಕಿದೆ. ಬೆರಳದ್ದಿ ಬಿಸಿ ನೋಡುತ್ತಿರುವಾಗ ಪಕ್ಕದ ನೂಡಲ್ ಅಂಗಡಿಯ ಲಮೂನ್ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಳು. ಪೆಟ್ಟಿಗೆಗೆ ಮೂಗು ಒತ್ತಿ ನಿಂತವಳು ಚಿಟ್ಟನೆ ಚೀರಿದಳು.

"ಅಯ್ಯೋ ಜಿಯಾಪ್ ಅಕ್ಕಾ! ನಾಲ್ಕು! ಪಕ್ಕದಲ್ಲಿ ಏಳು!"

"ಚರ್ಮ ಹರಿದಿದೆ ಕಣೇ, ನಾಲ್ಕೂ ಇಲ್ಲ, ಏಳೂ ಇಲ್ಲ."

"ಸನ್ಯಾಸಿ ಮನೆ ಹಾವು, ಅಕ್ಕಾ! ಯಜಮಾನ ಕಾವಿ ಉಟ್ಟ ಮೂರೇ ದಿನಕ್ಕೆ ಬಂದಿದೆ. ಇದು ಬರೀ ಚರ್ಮನಾ? ಲಾಟರಿ ನಂಬರು! ನೀರಿಗೆ ಹಾಕಿದ್ಯೋ, ಹದಿನಾರನೇ ತಾರೀಕಿನ ಲಾಟರಿ ಹೊಳೆಗೆ ಹಾಕಿದ ಹಾಗೆ!"

ಬೋಗುಣಿಯ ನೀರು ಹಾಗೇ ತಣ್ಣಗಾಯಿತು. ಸಂಜೆಯೊಳಗೆ ಬೀದಿಯೇ ಬಂತು. ಹೂಮಾಲೆ ಬಂತು, ನೈವೇದ್ಯಕ್ಕೆ ಕೆಂಪು ಶರಬತ್ತಿನ ಬಾಟಲಿ ಬಂತು, ಬೇಯಿಸಿದ ಮೊಟ್ಟೆ ಬಂತು. ಈ ಹಾವು ಹುಟ್ಟಿದಾಗಿನಿಂದ ಇಲಿ ಬಿಟ್ಟು ಬೇರೇನೂ ಮುಟ್ಟಿದ್ದಲ್ಲ. ಅಂಕಿ ಸ್ಪಷ್ಟವಾಗಲಿ ಎಂದು ಲಮೂನ್ ಅದರ ಬೆನ್ನಿಗೆ ಪೌಡರ್ ಹಚ್ಚಿ ತಿಕ್ಕಿದಳು. ಒಣಗಿದ ಮೈಗೆ ಒಣ ಪೌಡರ್! ತೆಂಗ್‌ಮೋ ಉಂಡೆಯಾಯಿತು. ತಲೆ ಕಾಣಲಿಲ್ಲ. "ನಾಚ್ಕೊಂಡಿದೆ," ಎಂದು ಜನ ನಕ್ಕರು.

ನನ್ನನ್ನು ದೂರುವ ಮೊದಲು ಒಂದು ಮಾತು ಕೇಳಿ. ನಾನು ಎಲ್ಲರನ್ನೂ ಬೈದೆ. ಬುದ್ಧ ಹೇಳಿದ್ದೇನು, ನೀವು ಮಾಡುತ್ತಿರುವುದೇನು ಅಂತ ಕೂದಲಿಗೆ ಶಾಂಪೂ ಹಾಕುತ್ತಲೇ ಧರ್ಮ ಬೋಧಿಸಿದೆ. ಕೇಳುವವರು ಬೇಕಾದಷ್ಟಿದ್ದರು, ಅಂಗಡಿಯಲ್ಲಿ ಕುರ್ಚಿ ಖಾಲಿಯಾಗುತ್ತಲೇ ಇರಲಿಲ್ಲ. ಓದೋದು ಶಾಸ್ತ್ರ, ಹಾಕೋದು ಗಾಳ. ಒಂಬತ್ತನೇ ತಾರೀಕು ಮಾರುಕಟ್ಟೆಗೆ ಹೋದವಳು, ಆ ಕಡೆ ಈ ಕಡೆ ನೋಡಿ, ನಲವತ್ತೇಳರಲ್ಲಿ ಮುಗಿಯುವ ಎರಡು ಟಿಕೆಟ್ ಕೊಂಡು ರವಿಕೆಯೊಳಗೆ ಇಟ್ಟುಕೊಂಡೆ. ಅಷ್ಟು ಜನ ನೋಡಿದ್ದು ಸುಳ್ಳಾಗುತ್ತದೆಯೇ?

ದಿನಾ ಬೆಳಗಿನ ಜಾವ ವಿರೋಟ್ ಬರಿಗಾಲಲ್ಲಿ ಸನ್ಯಾಸಿಗಳ ಸಾಲಿನ ಕೊನೆಗೆ ಭಿಕ್ಷೆಗೆ ಬರುತ್ತಿದ್ದ. ನಾನು ಮಂಡಿಯೂರಿ ಪಾತ್ರೆಗೆ ಅನ್ನ ಹಾಕಬೇಕು, ಅವನು ಕಣ್ಣು ತಗ್ಗಿಸಿ ಹರಸಬೇಕು. ಹರಸಿದ ಮೇಲೆ ತುಟಿ ಅಲ್ಲಾಡಿಸದೆ ಕೇಳುತ್ತಿದ್ದ, "ಬಾಲ?"

"ಚೆನ್ನಾಗಿದೆ, ಭಂತೇ," ಅನ್ನುತ್ತಿದ್ದೆ. ಕಾವಿ ಉಟ್ಟವನೆದುರು ಕೈಮುಗಿದು ಹೇಳಿದ ಸುಳ್ಳಿಗೆ ಪಾಪ ಎಷ್ಟು ಪಟ್ಟೋ ನನಗೆ ಗೊತ್ತಿಲ್ಲ. ಆದರೂ ದಿನಾ ಹೇಳಿದೆ.

ಹನ್ನೊಂದಕ್ಕೆ ಬಾಲದ ತುದಿ ಊದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಉಪಾಯ ಮಾಡಿದೆ: ಬೆನ್ನು ಹಾಗೇ ಇರಲಿ, ಬಾಲಕ್ಕೊಂದೇ ಒದ್ದೆ ಬಟ್ಟೆ ಸುತ್ತೋಣ. ಲಮೂನ್ ನನ್ನ ಕೈ ಹಿಡಿದಳು.

"ಬಾಲದಲ್ಲೇ ಅಕ್ಕಾ ಮೂರನೇ ಅಂಕಿ ಇರೋದು! ಸುತ್ತು ಎಷ್ಟಿದೆ? ಮೂರು. ನಾಲ್ಕು, ಏಳು, ಮೂರು. ಇನ್ನು ಐದೇ ದಿನ. ಹಾವಿಗೇನು, ಬಾಲ ಇಟ್ಕೊಂಡು ಬರೀತಾ ಕೂರುತ್ತಾ?"

ನಾನು ನಕ್ಕೆ. ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳುವುದು ಏನು ಮಹಾ ಕಷ್ಟ? ಬಿಡಿಸಿಕೊಳ್ಳಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿ ಒಣಗಲು ಹಾಕಿದೆ.

ಹದಿನಾರರ ಸಂಜೆ ನನ್ನ ಅಂಗಡಿಯ ಟೀವಿ ಮುಂದೆ ಉಸಿರಾಡಲೂ ಜಾಗವಿರಲಿಲ್ಲ. ಕೊನೆಯ ಎರಡಂಕಿ ಎಪ್ಪತ್ತನಾಲ್ಕು ಅಂದರು. ಎಲ್ಲರೂ ಟಿಕೆಟ್ ತೆಗೆದು ಮತ್ತೆ ನೋಡಿದರು. ಆಮೇಲೆ ಲಮೂನ್ ತೊಡೆ ತಟ್ಟಿಕೊಂಡಳು.

"ಹಾವು ಸುಳ್ಳು ಹೇಳಿಲ್ಲ ಕಣ್ರೇ! ನಾವೇ ತಲೆ ಕಡೆಯಿಂದ ಓದಿದ್ವಿ, ಬಾಲದ ಕಡೆಯಿಂದ ಓದಬೇಕಿತ್ತು!"

ಎಲ್ಲರಿಗೂ ಎಷ್ಟು ಸಮಾಧಾನವಾಯಿತೆಂದರೆ ದುಡ್ಡು ಬಂದಿದ್ದರೂ ಅಷ್ಟು ಆಗುತ್ತಿರಲಿಲ್ಲವೇನೋ. ನಗುತ್ತಾ ಮನೆಗೆ ಹೋದರು.

ನಾನು ನೀರು ಕಾಯಿಸಿದೆ. ಗಡಿಯಾರ ನೋಡಿದೆ. ಹದಿನೆಂಟನೇ ನಿಮಿಷಕ್ಕೆ ಬೆನ್ನಿನ ನಲವತ್ತೇಳು ನೆನೆದ ಕಡಲೆಯ ಸಿಪ್ಪೆಯ ಹಾಗೆ ಜಾರಿ ನೀರಲ್ಲಿ ತೇಲಿತು. ಬಾಲದ ಸುತ್ತುಗಳೂ ಟವೆಲಿನಲ್ಲಿ ಉಳಿದವು. ಕೆಳಗಿನ ತುದಿ, ಬೆರಳಿನ ಎರಡು ಗೆಣ್ಣಿನಷ್ಟು, ಒಣಮೆಣಸಿನಕಾಯಿಯ ತೊಟ್ಟಿನ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ತೆಂಗ್‌ಮೋ ಉಂಡೆಯಾಗಲಿಲ್ಲ. ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಸುಮ್ಮನೆ ಮಲಗಿತು. ನನಗೆ ಅಳು ಬಂತು.

ಬೆಳಿಗ್ಗೆ ಪಿಮ್ ತುದಿಯನ್ನು ಕತ್ತರಿಸಿ ಹೊಲಿಗೆ ಹಾಕಿದಳು. ತಲೆಯೆತ್ತದೆ ಕೇಳಿದಳು, "ಯಾವ ನಂಬರಮ್ಮಾ?"

"ನಲವತ್ತೇಳು."

"ಬಂತಾ?"

ನಾನು ಫೀಜಿನ ದುಡ್ಡು ಎಣಿಸಿ ಮೇಜಿನ ಮೇಲಿಟ್ಟೆ.

ಮರುದಿನ ವಿರೋಟ್ ಕಾವಿ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದ. ಹಳೇ ಜಗಳಗಂಟನೇ ಬರುತ್ತಾನೆ, ಚೆನ್ನಾಗಿ ಬೈಯುತ್ತಾನೆ, ಬೈಸಿಕೊಂಡು ಹಗುರಾಗೋಣ ಎಂದು ಕಾದಿದ್ದೆ. ಪೌಡರಿನಿಂದ ಹಿಡಿದು ರವಿಕೆಯ ಟಿಕೆಟ್‌ವರೆಗೆ ಎಲ್ಲ ಒಪ್ಪಿಸಿದೆ. ಅವನು ಹಾವನ್ನು ಎತ್ತಿ ಮೊಂಡು ಬಾಲವನ್ನು ಅಂಗೈಯಲ್ಲಿ ಇಟ್ಟುಕೊಂಡ.

"ಇಪ್ಪತ್ತು ನಿಮಿಷದ ಕೆಲಸ ಆಗಿತ್ತು ಅಲ್ವಾ?" ಅಂದ.

"ಹ್ಞೂಂ."

ಅಷ್ಟೇ. ಊಟ ಮಾಡಿದ. ಹುಳಿಸಾರು ಚೆನ್ನಾಗಿದೆ ಎಂದ. ಸನ್ಯಾಸ ನಿಜವಾಗಿಯೂ ಹತ್ತಿದೆ ಎಂದು ನನಗೆ ನಿರಾಳವಾಯಿತು. ಮಧ್ಯಾಹ್ನ ಪೆಟ್ಟಿಗೆಯನ್ನು ಏಸಿಯ ಕೆಳಗಿನಿಂದ ಎತ್ತಿ ಮಹಡಿಯ ಹಿಂದಿನ ಕೋಣೆಗೆ ಸಾಗಿಸಿದ. ಪೇಟೆಗೆ ಹೋಗಿ ಒಂದು ಬೀಗ ತಂದು ಬಾಗಿಲಿಗೆ ಜಡಿದ.

"ಒಳ್ಳೇದಾಯ್ತು ಬಿಡು," ಅಂದೆ. "ಆ ಲಮೂನ್‌ಗೆ ಹೀಗೇ ಆಗಬೇಕು. ಒಂದು ಕೀಲಿ ನಂಗೂ ಕೊಡು, ನೀನಿಲ್ಲದಾಗ ನೀರಿಡ್ತೀನಿ."

"ಲಮೂನ್ ಮಹಡಿ ಹತ್ತಲ್ಲ, ಅವಳಿಗೆ ಮಂಡಿ ನೋವು," ಅಂದ ವಿರೋಟ್. ಬಹಳ ಮೆತ್ತಗೆ ಹೇಳಿದ. ಎರಡೂ ಕೀಲಿಗಳನ್ನು ತನ್ನ ಜೇಬಿಗೆ ಹಾಕಿಕೊಂಡ.