ಹುಣಸೆ ಬೀಜದ ಗಂಜಿಯ ಹಕ್ಕು

ಲೋಕದ ಇತಿಹಾಸದಲ್ಲಿ ಹುಣಸೆ ಬೀಜದ ಗಂಜಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಆ ಕೊರತೆ ನೀಗಿಸಲೆಂದೇ ಹಿರಿಯೂರಿನ ಏಕಾಂತಪ್ಪ ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಜನವರಿಯಲ್ಲಿ ಮದರಾಸಿನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದರು.

ಅವರದು ಪಂಪ್‌ಸೆಟ್ಟಿನ ಬಿಡಿಭಾಗ ಎರಕ ಹೊಯ್ಯುವ ಸಣ್ಣ ಫೌಂಡ್ರಿ. ಮರಳಿನ ಅಚ್ಚು ಮೂರಕ್ಕೊಂದು ಕುಸಿಯುತ್ತಿತ್ತು. ಕಂಬಳಿ ನೇಯುವ ಹೊನ್ನಕ್ಕ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವುದನ್ನು ಕಂಡು, ಒಂದು ಚೊಂಬು ಇಸಕೊಂಡು ಬಂದು ಮರಳಿಗೆ ಕಲಸಿ ಕಾಯಿಸಿದರು. ಅಚ್ಚು ಗಟ್ಟಿಯಾಗಿ ನಿಂತಿತು. ದಾವಣಗೆರೆಯ ಪಂಪ್ ಕಂಪನಿಯೊಂದರವರು ಬಂದು ಎಲ್ಲ ನೋಡಿ, "ಹಕ್ಕು ನಿಮ್ಮ ಹೆಸರಲ್ಲಿದ್ರೆ ಎರಕದ ಕೆಲಸವೆಲ್ಲ ನಿಮಗೇ. ಇಲ್ದಿದ್ರೆ ನಾವೇ ಕಲಸ್ಕಂತೀವಿ" ಎಂದು ಹೇಳಿಹೋದರು. ಮುಚ್ಚುಮರೆಯಿಲ್ಲದ ಜನ.

ಅಲ್ಲಿಂದ ಒಂದೂವರೆ ವರ್ಷ ಏಕಾಂತಪ್ಪ ಚಿತ್ರದುರ್ಗದ ಬಸ್ಸು ಹತ್ತಿಳಿದರು. ಅಲ್ಲಿನ ವಕೀಲ ಶಿವಕುಮಾರಪ್ಪನವರಿಗೆ ಬದುವಿನ ಜಗಳ ಬಿಟ್ಟರೆ ಬೇರೆ ಕಾನೂನು ಅಷ್ಟಾಗಿ ರೂಢಿಯಿರಲಿಲ್ಲ; ಆದರೂ ಹೊಸ ಕಾಯ್ದೆಯ ಪುಸ್ತಕ ತರಿಸಿ ಓದಿದ್ದರು. ಮದರಾಸಿನಿಂದ ಮೂರನೆಯ ಕಾಗದ ಬಂದ ದಿನ ಇಬ್ಬರೂ ಸೋತ ಮುಖದಲ್ಲೇ ಎದುರಾದರು.

"ಕುಂತ್ಕಳ್ರಿ. ಹಳೇ ಸಾಮಾನಿಗೆ ಹೊಸ ಕೆಲಸ ಹಚ್ಚಿದ ಮಾತ್ರಕ್ಕೆ ಅದು ಹೊಸ ಶೋಧ ಆಗಲ್ಲ ಅಂತ ಕಾಯ್ದೇಲೇ ಐತೆ. ಮೊದ್ಲೇ ಹೇಳಿದ್ದೆ."

"ಹೇಳಿದ್ರಿ. ಅದಕ್ಕೇ ಗಂಜಿ ಬಿಟ್ಟು, ಕಲಸೋ ಅಳತೆ, ಕಾಯಿಸೋ ಹೊತ್ತು, ಆ ಕ್ರಮಕ್ಕೆ ಹಕ್ಕು ಕೇಳಾಣ ಅಂದ್ರಿ."

"ಕೇಳಿದ್ವಿ. ಒಪ್ಪೋ ಹಂಗೂ ಇತ್ತು. ಆದ್ರೆ ಅರ್ಜಿಗೆ ಮುಂಚೆ ಆ ಕ್ರಮ ಎಲ್ಲೂ ಪ್ರಿಂಟಾಗಿರಬಾರದು, ಊರಿಗೆಲ್ಲ ತೋರ್ಸಿರಬಾರದು." ವಕೀಲರು ಮದರಾಸಿನ ಲಕೋಟೆಯಿಂದ ಒಂದು ಕಾರ್ಡು ಎಳೆದರು. "ಇದೇನ್ರಿ ಇದು?"

ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಆಹ್ವಾನ ಪತ್ರಿಕೆ. ಅರ್ಜಿಯ ಹಿಂದಿನ ವರ್ಷದ ಆಯುಧಪೂಜೆಯದು. ನೂರು ಸೇರು ಮರಳಿಗೆ ನಾಲ್ಕು ಸೇರು ಗಂಜಿ ಕಲಸಿ, ಮೂರು ತಾಸು ಕಾಯಿಸಿ ಎರಕ ಹೊಯ್ಯುವ ನೂತನ ಕ್ರಮದ ಪ್ರಾರಂಭೋತ್ಸವಕ್ಕೆ ತಾವು ಸಕುಟುಂಬ ಸಪರಿವಾರ ಸಮೇತ ಬರಬೇಕೆಂದು ಅದರಲ್ಲಿತ್ತು.

"ಯಾರ್ಯಾರಿಗೆ ಕೊಟ್ರಿ?"

"ಎಲ್ಲಾ ಫೌಂಡ್ರಿಯೋರಿಗೂ. ಒಬ್ಬರನ್ನ ಕರ್ದು ಒಬ್ಬರನ್ನ ಬಿಟ್ರೆ ಚೆನ್ನಾಗಿರಲ್ವಲ್ರಿ. ಹೊಸದುರ್ಗ, ಹೊಳಲ್ಕೆರೆಯೋರೂ ಬಂದಿದ್ರು. ಇನ್ನೂರೈವತ್ತು ಎಲೆ ಬಿತ್ತು."

"ಮದರಾಸಿಗ್ಯಾಕೆ ಕಳ್ಸಿದ್ರಿ ಮಾರಾಯ್ರೆ?"

"ಅರ್ಜಿ ಬೋಳುಬೋಳಾಗಿ ಕಾಣ್ತಿತ್ತು. ಶುಭಕಾರ್ಯದ ಕಾಗದ ಹಂಗೇ ಕಳ್ಸಬಾರದು ಅಂತ ಒಳಗಿಟ್ಟೆ. ಸರ್ಕಾರದೋರಿಗೂ ಮರ್ಯಾದೆ."

ಶಿವಕುಮಾರಪ್ಪ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಎದುರು ಪಾರ್ಟಿ ಈ ಸಾಕ್ಷಿ ಹುಡುಕಬೇಕಂದ್ರೆ ಹತ್ತು ವರ್ಷ ಅಲೀಬೇಕಿತ್ತು. ನೀವು ಅರಿಶಿನ ಹಚ್ಚಿ ಕೊಟ್ಟಿದೀರಿ."

"ಈಗೇನ್ ಮಾಡಾಣ?"

"ಊಟದ ಹೊತ್ತಾತು. ಮನೆಗೆ ಬರ್ರಿ."

ಹಿರಿಯೂರಲ್ಲಿ ಬಸ್ಸಿಳಿದಾಗ ಹೊನ್ನಕ್ಕ ಕಂಬಳಿ ಹೊರೆ ಹೊತ್ತು ಎದುರಾದಳು. "ಸಿಕ್ತೇನಣ್ಣ ಹಕ್ಕು?"

"ಇಲ್ಲ ಕಣವ್ವ."

"ನಮ್ಮಜ್ಜಿ ಕಾಲದಿಂದ ಬಳೀತಿದೀವಿ. ನಮಗೆ ಇಲ್ಲ ಅನ್ನಾಕೂ ಒಬ್ಬರು ಕಾಗದ ಬರೀಲಿಲ್ಲ ನೋಡು. ನೀನೇ ವಾಸಿ."

ಏಕಾಂತಪ್ಪನಿಗೆ ನಗಲೂ ಆಯಾಸವಾಗಿತ್ತು.

ಅರ್ಜಿ ತಿರಸ್ಕೃತವಾಯಿತು. ಎರಕದ ಕೆಲಸ ದಾವಣಗೆರೆಯಲ್ಲೇ ನಡೆಯಿತು.